ಕಡಲೆ ಮಿಠಾಯಿಯ ಮೇಲೆ ಕೀಸುಳಿ

ಹೋದ ವಾರ ಡಲ್ಲಾಸ್ ಹತ್ತಿರದ ಪ್ರಾಸ್ಪರ್‌ನ ಒಂದು ಹೊಸ ಮನೆಯಲ್ಲಿ ದೇವರ ಮಂಟಪ ಕೂರಿಸುತ್ತಿದ್ದೆ. ಗೋಡೆಯ ಬಣ್ಣದ ವಾಸನೆ ಇನ್ನೂ ಹೋಗದ ಮನೆ. ಸುತ್ತ ಅಚ್ಚು ಹಾಕಿದಂಥ ಮನೆಗಳು, ಅವುಗಳ ಮುಂದೆ ಊರುಗೋಲಿಗೆ ಕಟ್ಟಿ ನಿಲ್ಲಿಸಿದ ಎಳೆ ಓಕ್ ಗಿಡಗಳು. ಮಂಟಪದ ಬಾಗಿಲು ಚೌಕಟ್ಟಿಗೆ ಕೂದಲೆಳೆಯಷ್ಟು ತಾಗುತ್ತಿತ್ತು. ಚೀಲದಿಂದ ಕೀಸುಳಿ ತೆಗೆದು ಬಾಗಿಲಿನ ಅಂಚನ್ನು ಕೀಸತೊಡಗಿದೆ. ಅದೇ ಹೊತ್ತಿಗೆ ಅಡುಗೆಮನೆಯಿಂದ ಹುರಿದ ಕಡಲೆಬೀಜದ, ಬೆಲ್ಲದ ಪಾಕದ ವಾಸನೆ ಬಂತು. ಮನೆಯಾಕೆಯ ತಾಯಿ, ಧಾರವಾಡದವರು, ಮೊಮ್ಮಕ್ಕಳಿಗೆ ಚಿಕ್ಕಿ ಮಾಡುತ್ತಿದ್ದರು. ನನ್ನ ಕೈ ಅಲ್ಲೇ ನಿಂತಿತು.

"ಯಾಕ್ರೀ, ಏನಾತು? ಕೈಗೆ ಬಡಕೊಂಡ್ರೇನು?" ಎಂದು ಅವರು ಒಳಗಿಂದ ಇಣುಕಿದರು.

"ಇಲ್ಲಮ್ಮ. ಇವೆರಡೂ ಒಟ್ಟಿಗೆ ಸಿಕ್ಕಿ ಆರು ವರ್ಷ ಆಯ್ತು, ಅದಕ್ಕೆ."

"ಯಾವ ಎರಡು?"

"ಕೀಸುಳಿ, ಕಡಲೆ ಮಿಠಾಯಿ."

ಅವರು ನನ್ನನ್ನೊಮ್ಮೆ ನೋಡಿ, ಒಂದು ಲೋಟ ತಣ್ಣನೆಯ ಮಜ್ಜಿಗೆ ತಂದಿಟ್ಟರು. ಬಡಗಿಯ ತಲೆಗೆ ಟೆಕ್ಸಸ್ಸಿನ ಬಿಸಿಲು ಏರಿದೆ ಅಂದುಕೊಂಡಿರಬೇಕು. ಅವರಿಗೆ ವಿವರಿಸುವ ಗೋಜಿಗೆ ನಾನು ಹೋಗಲಿಲ್ಲ.

ಅದು ೨೦೧೩ರ ಬೇಸಿಗೆ. ನಾವಿದ್ದದ್ದು ಹ್ಯೂಸ್ಟನ್ನಿನಲ್ಲಿ. ನನ್ನ ಹೆಂಡತಿ ಶೈಲಜಾ ಡಾಕ್ಟರು. ಅಲ್ಲಿನ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ ಮಾಡುತ್ತಿದ್ದಳು. ಮೈಸೂರಿನಲ್ಲಿ ಒಂದು ಸಲ ಡಾಕ್ಟರಾದವರು ಇಲ್ಲಿ ಮತ್ತೊಮ್ಮೆ ಮೂರು ವರ್ಷ ಗಾಣಕ್ಕೆ ಬೀಳಬೇಕು, ಅದಕ್ಕೆ ಆ ಹೆಸರು. ನಾನು ಅವಳ ವೀಸಾದ ಹಿಂದೆ ಬಾಲದ ಹಾಗೆ ಬಂದವನು. ನನ್ನ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಕಾಗದದ ಒಟ್ಟು ಅರ್ಥ ಇಷ್ಟೇ: ಈ ಮನುಷ್ಯ ಈ ದೇಶದಲ್ಲಿ ಇರಬಹುದು, ಉಣ್ಣಬಹುದು, ಮಲಗಬಹುದು, ಕೆಲಸ ಮಾತ್ರ ಮಾಡಕೂಡದು. ಮಾಡಿದ್ದು ಗೊತ್ತಾದರೆ ನನ್ನ ವೀಸಾ ಹೋಗುತ್ತದೆ, ಮುಂದೆ ಅವಳ ಗ್ರೀನ್‌ಕಾರ್ಡಿಗೂ ಕಲ್ಲು ಬೀಳುತ್ತದೆ ಎಂದು ಎಲ್ಲರೂ ಹೆದರಿಸಿದ್ದರು.

ನಮ್ಮದು ಆಚಾರಿಗಳ ಮನೆ. ಮೈಸೂರಿನಲ್ಲಿ ಅಪ್ಪನದು ಬೀಟೆ ಮರದ ಕೆಲಸದ ವರ್ಕ್‌ಶಾಪು. ಕಪ್ಪು ಬೀಟೆಯಲ್ಲಿ ಬಣ್ಣಬಣ್ಣದ ಮರದ ಚೂರು ಕೂರಿಸಿ ಆನೆ, ನವಿಲು, ಹೂಬಳ್ಳಿ ಮೂಡಿಸುವ ಕೆಲಸ. ನಾನು ಒಂಬತ್ತನೇ ವಯಸ್ಸಿಗೆ ಕೀಸುಳಿ ಹಿಡಿದೆ. ಶೈಲೂ ಮನೆ ನಮ್ಮದರ ಎದುರಿಗೇ ಇತ್ತು. ಅವಳು ಮೆಡಿಕಲ್ ಓದುವಾಗ ನಾನು ಮಾಡಿಕೊಟ್ಟ ಮೇಜಿನ ಮೇಲೆಯೇ ಓದಿದ್ದು. ಮದುವೆ ಹೊತ್ತಿಗೆ ನನ್ನ ಅಂಗೈಯಲ್ಲಿ ಇಪ್ಪತ್ತು ವರ್ಷದ ಜಡ್ಡು ಕಟ್ಟಿತ್ತು. ಅವಳು ಅದನ್ನು ಬೆರಳಿನಿಂದ ತಟ್ಟಿ, "ಇದು ಕೈಯಲ್ಲಪ್ಪ, ಮಣೆ" ಎಂದು ನಗುತ್ತಿದ್ದಳು.

ಅಮೆರಿಕಕ್ಕೆ ಬಂದ ಐದಾರು ತಿಂಗಳಿಗೆ ಆ ಜಡ್ಡು ಸುಲಿಯಲು ಶುರುವಾಯಿತು. ಸ್ನಾನ ಮಾಡಿದಾಗ ಬಿಳಿ ಪೊರೆ ಏಳುತ್ತಿತ್ತು. ನನಗೆ ಅದನ್ನು ನೋಡಲು ಹೇಸಿಗೆಯಾಗುತ್ತಿತ್ತು, ಭಯವೂ ಆಗುತ್ತಿತ್ತು. ಜಡ್ಡು ಹೋದ ಮೇಲೆ ಕೈಯೊಳಗಿನ ವಿದ್ಯೆಯೂ ಹೋಗುತ್ತದೆ ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು.

ಮನೆಯಲ್ಲೇ ಸುಮ್ಮನೆ ಏನಾದರೂ ಮಾಡಿಕೊಂಡಿರಬಾರದಿತ್ತೇ ಎಂದು ನೀವು ಕೇಳಬಹುದು. ಮಾಡಲು ಹೋಗಿದ್ದೆ. ಬಂದ ಎರಡನೇ ತಿಂಗಳು ಬಾಲ್ಕನಿಯಲ್ಲಿ ಎರವಲು ತಂದ ಗರಗಸ ಹಿಡಿದು ಒಂದು ಮಣೆ ಮಾಡಲು ಕೂತೆ. ಮಾರನೇ ದಿನ ಅಪಾರ್ಟ್‌ಮೆಂಟ್ ಆಫೀಸಿನವರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಶಬ್ದ ಮಾಡಬಾರದು, ಮೊಳೆ ಹೊಡೆಯಬಾರದು, ಬಾಲ್ಕನಿಯಲ್ಲಿ ಮರದ ಹೊಟ್ಟು ಬೀಳಬಾರದು. ಇನ್ನೊಂದು ಸಲ ಹೀಗಾದರೆ ಮನೆ ಬಿಡಿಸುತ್ತೇವೆ. ಅರ್ಧ ಕೊಯ್ದ ಹಲಗೆ ಮಂಚದ ಕೆಳಗೆ ಸೇರಿತು.

ಶೈಲೂ ಇಪ್ಪತ್ತೆಂಟು ಗಂಟೆಯ ಡ್ಯೂಟಿಗೆ ಹೋದರೆ ಇದ್ದ ಒಂದು ಕಾರೂ ಅವಳ ಜೊತೆ ಹೋಗುತ್ತಿತ್ತು. ಮನೆಯ ಕಿಟಕಿಗಳು ತೆಗೆಯಲು ಬಾರದಂಥವು. ಎಸಿ ಹಗಲೂ ರಾತ್ರಿ ಗುರುಗುಡುತ್ತಿತ್ತು. ಹೊರಗೆ ಕಾಲಿಟ್ಟರೆ ಹ್ಯೂಸ್ಟನ್ನಿನ ಜುಲೈ; ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಆ ಹಬೆ. ರಸ್ತೆಯ ಪಕ್ಕ ನಡೆಯಲು ಜಾಗವೂ ಇರಲಿಲ್ಲ. ನಡೆದರೆ ಕಾರಿನವರು ಕಾರು ಕೆಟ್ಟು ನಿಂತವನನ್ನು ನೋಡುವಂತೆ ನೋಡುತ್ತಿದ್ದರು. ಬೆಳಗ್ಗೆ ಅನ್ನ ಸಾರು ಮಾಡಿ, ಪಾತ್ರೆ ತೊಳೆದು, ಬಟ್ಟೆ ಮಡಿಸಿ ಗಡಿಯಾರ ನೋಡಿದರೆ ಇನ್ನೂ ಹತ್ತೂಕಾಲು.

ತಿಂಗಳಿಗೊಮ್ಮೆ ಹ್ಯೂಸ್ಟನ್ನಿನ ಪಕ್ಕದಲ್ಲೇ ಇರುವ ಮಿಸೌರಿ ಸಿಟಿಯ ರಂಗನಾಥ್ ಅಂಕಲ್ ಮನೆಗೆ ಊಟಕ್ಕೆ ಹೋಗುತ್ತಿದ್ದೆವು. ಶೈಲೂ ಅಪ್ಪನ ದೂರದ ಸ್ನೇಹಿತರು, ಹೊಟ್ಟೆ ತುಂಬ ಬಡಿಸುವ ಒಳ್ಳೆಯ ಜನ. ಆದರೆ ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಅವರ ಮಾತು ಒಂದೇ. "ಬಾರಪ್ಪ ಮಂಜು! ನಿಂದೇ ಪುಣ್ಯ ಕಣಯ್ಯಾ. ನಾವೆಲ್ಲ ದುಡಿದು ಸಾಯ್ತೀವಿ, ನಿಂಗೆ ದಿನಾ ಭಾನುವಾರ, ದಿನಾ ರಜಾ!" ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನನಗೆ ಕೆಸರಿಲ್ಲದೆಯೇ ಮೊಸರು ಸಿಗುತ್ತಿತ್ತು, ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಾರಿನಲ್ಲಿ ವಾಪಸು ಬರುವಾಗ ಶೈಲೂ, "ಅವರೇನೋ ತಮಾಷೆಗೆ ಅಂತಾರೆ" ಎಂದರೆ ನಾನು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಕೋಪ ಬಂದರೂ ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ಆ ಜುಲೈನಲ್ಲಿ ಒಂದು ಮಧ್ಯಾಹ್ನ ನಮ್ಮ ಎಸಿ ಕೆಟ್ಟಿತು. ರಿಪೇರಿಯವರು ಸಂಜೆ ಬರುತ್ತೇವೆ ಎಂದರು. ಅರ್ಧ ಗಂಟೆಯಲ್ಲಿ ಮನೆ ಬೇಯತೊಡಗಿತು. ಎಲ್ಲಾದರೂ ತಂಪಿದ್ದಲ್ಲಿ ಕೂರೋಣ ಎಂದು ಹೊರಟೆ. ಬೆಲೇರ್ ರಸ್ತೆಯ ಆ ಭಾಗದಲ್ಲಿ ಚೀನೀ ಅಕ್ಷರದ ಬೋರ್ಡುಗಳೇ ಹೆಚ್ಚು. ಬಟ್ಟೆ ಹೊಲಿಯುವವರ ಅಂಗಡಿ, ಇನ್ಶೂರೆನ್ಸ್ ಆಫೀಸು, ಅವೆರಡರ ಮಧ್ಯೆ ಆರು ಮೇಜಿನ ಒಂದು ಚಿಕ್ಕ ತಿಂಡಿ ಅಂಗಡಿ. ಅದರ ಗಾಜಿನಾಚೆ ಕಂಡದ್ದನ್ನು ನಾನು ಮೊದಲು ನಂಬಲಿಲ್ಲ. ಬಿಳಿ ಕೂದಲಿನ ಒಬ್ಬ ಮುದುಕಿ ಮರದ ಕೀಸುಳಿ ಹಿಡಿದು ಏನನ್ನೋ ಕೀಸುತ್ತಿದ್ದರು.

ಕಾಲು ತಾನಾಗಿ ಒಳಗೆ ಹೋಯಿತು. ಅವರು ಕೀಸುತ್ತಿದ್ದದ್ದು ಮರವಲ್ಲ, ಕಡಲೆ ಮಿಠಾಯಿ. ನಮ್ಮ ಕಡೆ ಅಂಗೈಯಗಲ ಕತ್ತರಿಸಿ ಮಾರುತ್ತೇವಲ್ಲ, ಅದೇ ಇಲ್ಲಿ ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ದಪ್ಪದ ಒಂದು ದಿಮ್ಮಿ. ಬಡಗಿಯ ಕೀಸುಳಿಯೇ ಸರಿ: ಮರದ ಮೈ, ಮಧ್ಯೆ ಅಲಗು, ಅಲಗನ್ನು ಬಿಗಿಹಿಡಿದ ಬೆಣೆ, ಎರಡೂ ಕೈಗೆ ಸಿಗುವ ಹಾಗೆ ಅಡ್ಡಕ್ಕೆ ಒಂದು ಹಿಡಿ. ನಾನು ದೇವರ ಮುಂದೆ ನಿಂತವನ ಹಾಗೆ ನಿಂತುಬಿಟ್ಟೆ.

"ಒಂದು?" ಎಂದು ಅವರು ಬೆರಳು ತೋರಿಸಿದರು. ತಲೆಯಾಡಿಸಿದೆ.

ಹೋಳಿಗೆಯ ಕಣಕವನ್ನು ಬಟ್ಟೆಯಷ್ಟು ತೆಳ್ಳಗೆ ಹರಡಿ ಬೇಯಿಸಿದಂಥ ಒಂದು ಹಾಳೆ ಹಾಸಿದರು. ಅದರ ಮೇಲೆ ಕೀಸಿದ ಕಡಲೆ ಮಿಠಾಯಿ ಉದುರಿಸಿದರು. ಮೇಲೆ ಎರಡು ಉಂಡೆ ಐಸ್‌ಕ್ರೀಮು. ಒಂದು ಅನಾನಸ್, ಇನ್ನೊಂದು ನೇರಳೆ ಬಣ್ಣದ್ದು. ಏನದು ಎಂದು ಕೇಳಿದರೆ ಕೌಂಟರಿನ ಕೆಳಗಿನಿಂದ ಒಂದು ಗೆಡ್ಡೆ ಎತ್ತಿ ತೋರಿಸಿದರು. ಕೆಸುವಿನ ಗೆಡ್ಡೆ! ನಮ್ಮಮ್ಮ ಹುಣಸೆಹುಳಿ ಹಾಕಿ ಪಲ್ಯ ಮಾಡುವ ಗೆಡ್ಡೆ. ಅದು ಸಾಲದೆಂಬಂತೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಎತ್ತಿಕೊಂಡಾಗ ನಾನು ಕೈ ಅಡ್ಡ ಹಿಡಿದೆ.

"ಸೊಪ್ಪು ಬೇಡ."

"ಸೊಪ್ಪು ಇಲ್ಲದೆ ನಾನು ಮಾರುವುದಿಲ್ಲ" ಎಂದು ಅವರು ನನ್ನ ಕೈ ಸರಿಸಿ ಸೊಪ್ಪು ಹಾಕಿಯೇಬಿಟ್ಟರು. ಪತ್ರೊಡೆ ಸುತ್ತುವ ಹಾಗೆ ಸುತ್ತಿ ಕಾಗದದಲ್ಲಿಟ್ಟು ಕೊಟ್ಟರು.

ಕಚ್ಚಿದೆ. ಮೊದಲು ಹಲ್ಲು ಜುಮ್ಮೆನ್ನುವ ತಣ್ಣಗೆ, ಅದರ ಹಿಂದೆ ಹುರಿದ ಕಡಲೆಬೀಜದ ಬಿಸಿ ವಾಸನೆ, ಕೊನೆಗೆ ಕೊತ್ತಂಬರಿಯ ಹಸಿ ಘಮ. ಚಿತ್ರಾನ್ನದ ಸೊಪ್ಪು ಐಸ್‌ಕ್ರೀಮಿನ ಜೊತೆ ಸಂಸಾರ ಮಾಡುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ಬೈದು ಕಳಿಸುತ್ತಿದ್ದೆ. ನಿಂತಲ್ಲೇ ಎರಡು ತಿಂದೆ. ತಿನ್ನುವ ಸಂತೋಷ ಮರೆತುಹೋಗಿ ಎಷ್ಟು ದಿನವಾಗಿತ್ತು ಎಂದು ಆಗ ಗೊತ್ತಾಯಿತು.

ಆದರೆ ನನ್ನ ಕಿವಿ ಬೇರೆ ಕಡೆ ಇತ್ತು. ಅವರು ಕೀಸುವಾಗ ಬರುತ್ತಿದ್ದ ಸದ್ದು ಸರಿಯಿರಲಿಲ್ಲ. ಒಂದು ಬದಿಯಿಂದ ದಪ್ಪ ಗಟ್ಟಿ ಚೂರು ಬೀಳುತ್ತಿತ್ತು, ಇನ್ನೊಂದು ಬದಿಯಿಂದ ಬರಿಯ ಪುಡಿ. ಅಲಗು ಓರೆಯಾಗಿ ಕೂತಿತ್ತು, ಮೊಂಡೂ ಆಗಿತ್ತು. ಪಾಪ, ಅವರು ಮೈಭಾರವನ್ನೆಲ್ಲ ಹಾಕಿ ತಳ್ಳುತ್ತಿದ್ದರು. ತಡೆಯಲಾಗಲಿಲ್ಲ. "ಆಂಟಿ, ಒಂದು ನಿಮಿಷ ಕೊಡಿ" ಎಂದು ಕೈ ಚಾಚಿದೆ.

ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತರಗತಿಯಲ್ಲಿ ನಪಾಸಾದಂಥವು, ಹಾಗಾಗಿ ಚೆನ್ನಾಗಿ ಹೊಂದಿಕೊಂಡವು. ಅವರ ಹೆಸರು ಲಿನ್. ತೈವಾನಿನ ಪೂರ್ವದಲ್ಲಿ ಈಲಾನ್ ಎಂಬ ಊರು. ಈ ತಿಂಡಿ ಆ ಕಡೆಯದು, ಅಲ್ಲಿ ಬೀದಿ ಗಾಡಿಗಳಲ್ಲಿ ಮಾರುತ್ತಾರೆ. ಕೀಸುಳಿ ಅವರ ಗಂಡನದು. ಅಲಗು ಕೂರಿಸುವ ಕೆಲಸ ಗಂಡನೇ ನೋಡಿಕೊಳ್ಳುತ್ತಿದ್ದರು; ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅಂದಿನಿಂದ ಆಂಟಿ ಓರೆ ಅಲಗಿನಲ್ಲೇ ದಿನ ದೂಡುತ್ತಿದ್ದರು.

ಬೆಣೆ ಬಡಿದು ಅಲಗು ಬಿಡಿಸಿದೆ. ಸಾಣೆಕಲ್ಲು ಇರಲಿಲ್ಲ. ಒಂದು ಪಿಂಗಾಣಿ ಬಟ್ಟಲು ಬೋರಲು ಹಾಕಿದೆ; ಅದರ ತಳದ ಬಳೆಯಲ್ಲಿ ಹೊಳಪಿಲ್ಲದ ಒರಟು ಭಾಗ ಇರುತ್ತದಲ್ಲ, ಅದಕ್ಕೆ ನೀರು ಹಚ್ಚಿ ಅಲಗು ಉಜ್ಜಿದೆ. ಕಲ್ಲು ಸಿಗದ ಹೊತ್ತಿಗೆಂದು ಅಪ್ಪ ಹೇಳಿಕೊಟ್ಟ ಉಪಾಯ. ಇಪ್ಪತ್ತು ನಿಮಿಷ ಉಜ್ಜಿ, ಅಲಗು ಕೂರಿಸಿ, ಬೆಣೆ ತಟ್ಟಿ, ದಿಮ್ಮಿಯ ಮೇಲೆ ಒಮ್ಮೆ ತಳ್ಳಿದೆ. ಬಂಗಾರದ ಬಣ್ಣದ ತೆಳು ಪದರ ಹಗುರವಾಗಿ ಸುರುಳಿ ಸುತ್ತಿ ಬಿತ್ತು. ಆಂಟಿ ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಸುಮ್ಮನೆ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಷೀಫು" ಎಂದರು. ಕೈಗೆಲಸ ಬಲ್ಲವನನ್ನು ಅವರ ಕಡೆ ಹಾಗೆ ಕರೆಯುತ್ತಾರಂತೆ, ನಮ್ಮಲ್ಲಿ ಮೇಸ್ತ್ರಿ ಎನ್ನುವ ಹಾಗೆ. ಹನ್ನೊಂದು ತಿಂಗಳಲ್ಲಿ ಈ ದೇಶದಲ್ಲಿ ಯಾರೂ ನನ್ನನ್ನು ನನ್ನ ಕೆಲಸದ ಹೆಸರಿನಿಂದ ಕರೆದಿರಲಿಲ್ಲ. ಕಣ್ಣು ತುಂಬಿತು, ಏನು ಮಾಡಲಿ.

ಮಾರನೇ ದಿನವೂ ಹೋದೆ. ಅದರ ಮಾರನೇ ದಿನವೂ ಹೋದೆ. ಮಧ್ಯಾಹ್ನ ಎರಡರಿಂದ ನಾಲ್ಕು, ಅಂಗಡಿ ಖಾಲಿ ಇರುವ ಹೊತ್ತು. ಅಲಗು ಸರಿ ಮಾಡಿ, ಸಂಜೆಯ ವ್ಯಾಪಾರಕ್ಕೆ ಒಂದು ಡಬ್ಬಿ ಕೀಸಿಟ್ಟು ಬರುತ್ತಿದ್ದೆ. ಆಂಟಿ ದುಡ್ಡು ಕೊಡಲು ಬಂದಾಗ ಎರಡೂ ಕೈ ಎತ್ತಿ ಬೇಡವೆಂದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಜಾತ್ರೆ, ಹಬ್ಬ ಎಂದರೆ ನಮ್ಮ ಮನೆಯವರು ಮಠದ ಬಾಗಿಲು, ದೇವಸ್ಥಾನದ ಪಲ್ಲಕ್ಕಿ ಎಲ್ಲ ಬಿಟ್ಟಿಯಾಗಿ ರಿಪೇರಿ ಮಾಡಿಕೊಟ್ಟವರೇ. ಅದನ್ನು ಯಾರೂ ಕೆಲಸ ಎನ್ನುವುದಿಲ್ಲ, ಸೇವೆ ಎನ್ನುತ್ತಾರೆ. ಸಂಬಳವಿಲ್ಲದ ಮೇಲೆ ಅಮೆರಿಕದ ಸರ್ಕಾರ ತಾನೇ ಏನು ಕೇಳೀತು? ಹೊರಡುವಾಗ ಆಂಟಿ ಒಂದು ಸುರುಳಿ ಸುತ್ತಿ ಕೈಗಿಡುತ್ತಿದ್ದರು, ಸೇವೆ ಮಾಡಿದವನಿಗೆ ಪ್ರಸಾದ ಕೊಡುವ ಹಾಗೆ. ಅದನ್ನು ಅಲ್ಲೇ ಮೂಲೆಯ ಮೇಜಿನಲ್ಲಿ ಕೂತು, ಬೆರಳಿಗೆ ಸೋರಿದ್ದನ್ನು ನೆಕ್ಕಿ ತಿಂದು, ಬಿಸಿಲಿನಲ್ಲಿ ನಡೆದು ಮನೆ ಸೇರುತ್ತಿದ್ದೆ.

ಶೈಲೂಗೆ ಲೈಬ್ರರಿಗೆ ಹೋಗುತ್ತೇನೆ ಎಂದು ಹೇಳಿದ್ದೆ. ಸೇವೆ ಎಂದು ಅಷ್ಟು ಧೈರ್ಯವಿದ್ದವನು ಸುಳ್ಳು ಯಾಕೆ ಹೇಳಬೇಕಿತ್ತು? ಒಳಗೆ ಎಲ್ಲೋ ನನಗೂ ಗೊತ್ತಿತ್ತು. ಆದರೆ ಅಂಗೈಯಲ್ಲಿ ಹೊಸ ಜಡ್ಡು ಕಟ್ಟಲು ಶುರುವಾಗಿತ್ತು. ಊಟ ರುಚಿಸುತ್ತಿತ್ತು. "ಏನ್ ಸಮಾಚಾರ, ಲೈಬ್ರರಿ ನಿಂಗೆ ಚೆನ್ನಾಗಿ ಒಗ್ಗಿದೆ!" ಎಂದು ಅವಳು ಸಂತೋಷಪಟ್ಟಾಗ ತಟ್ಟೆಯ ಕಡೆ ನೋಡಿಕೊಂಡು ಇನ್ನಷ್ಟು ಅನ್ನ ಬಡಿಸಿಕೊಳ್ಳುತ್ತಿದ್ದೆ.

ಸೆಪ್ಟೆಂಬರಿನ ಕೊನೆಯಲ್ಲಿ ಸಿಕ್ಕಿಬಿದ್ದೆ. ದಿಮ್ಮಿಯ ಒಂದು ಮೂಲೆ ಇದ್ದಕ್ಕಿದ್ದಂತೆ ಸೀಳಿ, ಕೀಸುಳಿ ಜಾರಿ, ಎಡಗೈ ಹೆಬ್ಬೆರಳ ಬದಿ ಅಲಗಿಗೆ ಸಿಕ್ಕಿತು. ಮನೆಗೆ ಬಂದು ಬಟ್ಟೆ ಸುತ್ತಿಕೊಂಡು, ತರಕಾರಿ ಹೆಚ್ಚುವಾಗ ಕೊಯ್ದುಕೊಂಡೆ ಎಂದೆ. ಡಾಕ್ಟರಿಗೆ ಹೇಳುವ ಸುಳ್ಳಾ ಅದು! ಅವಳು ಬಟ್ಟೆ ಬಿಚ್ಚಿ, ದೀಪದ ಕೆಳಗೆ ಬೆರಳು ಹಿಡಿದು ನೋಡಿದಳು.

"ಚಾಕು ಕೊಯ್ಯುತ್ತೆ ಮಂಜು. ಇದು ಕೊಯ್ದಿರೋದಲ್ಲ. ಚರ್ಮ ಕೀಸಿ ಹೋಗಿದೆ." ಆಮೇಲೆ ಅಂಗೈ ಮಗುಚಿದಳು. ಜಡ್ಡಿನ ಮೇಲೆ ಬೆರಳಾಡಿಸಿದಳು. ಅವಳ ಮುಖ ಬಿಳಿಚಿತು. "ಎಲ್ಲಿ ಕೆಲಸ ಮಾಡ್ತಿದೀಯಾ?"

ಎಲ್ಲವನ್ನೂ ಹೇಳಿದೆ.

"ದುಡ್ಡು ತಗೊಂಡ್ಯಾ?"

"ಅಯ್ಯೋ, ಒಂದು ಕಾಸೂ ಇಲ್ಲ. ಸೇವೆ ಥರ ಅಷ್ಟೆ."

"ತಿಂಡಿ ಕೊಡ್ತಾರಾ?"

"ಕೊಡ್ತಾರೆ."

"ಅದಕ್ಕೆ ನೀನು ದುಡ್ಡು ಕೊಡ್ತೀಯಾ?"

"ಇಲ್ಲ."

"ಹಂಗಾದ್ರೆ ಅದೇ ಸಂಬಳ! ಯಾರಾದ್ರೂ ಒಬ್ರು ನೋಡಿ ಒಂದು ಮಾತು ಹೇಳಿದ್ರೆ ಸಾಕು, ನಮ್ಮಿಬ್ಬರ ಕಥೆ ಮುಗೀತು. ಇದನ್ನ ನಿಂಗೆ ನಾನು ಹೇಳಿಕೊಡಬೇಕಾ?"

ಹಿಡಿದಿಟ್ಟುಕೊಂಡಿದ್ದ ಒಂದು ವರ್ಷದ ಕೋಪ ಅವತ್ತು ಕಟ್ಟೆ ಒಡೆಯಿತು. "ಹೌದು, ನಾನು ನಿನ್ನ ವೀಸಾದ ಬಾಲ. ಬಾಲ ಅಲ್ಲಾಡಬಾರದು, ಸುಮ್ನೆ ನೇತಾಡ್ಕೊಂಡಿರಬೇಕು. ನನ್ನ ತಂದು ಇಲ್ಲಿ ಕೂಡಿಹಾಕಿದೀಯಾ!" ಎಂದುಬಿಟ್ಟೆ. ಇವತ್ತಿಗೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ.

ಅವಳು ಅಳಲಿಲ್ಲ, ಕೂಗಲೂ ಇಲ್ಲ. ಹತ್ತಿ, ಔಷಧಿ ತಂದು ಬೆರಳಿಗೆ ಪಟ್ಟಿ ಕಟ್ಟಿದಳು. ಕಟ್ಟುತ್ತಾ, "ನಿನ್ನೊಬ್ಬನ್ನೇ ಕೂಡಿಹಾಕಿಲ್ಲ ಮಂಜು. ನಂಗೂ ಬಿಟ್ಟು ಹೋಗೋಕಾಗಲ್ಲ. ಇಪ್ಪತ್ತೆಂಟು ಗಂಟೆ ನಿಂತು ಬರ್ತೀನಿ. ಒಂದಿನ ಸಾಕು ಅಂದ್ರೆ ನಿಂದೂ ನಂದೂ ಎರಡೂ ವೀಸಾ ಹೋಗುತ್ತೆ. ನಂಗೂ ಬಾಗಿಲಿಲ್ಲ" ಎಂದಳು. ಪಟ್ಟಿಯ ಗಂಟು ಬಿಗಿದು, ಬೆರಳನ್ನು ಒಂದು ಕ್ಷಣ ಹಾಗೇ ಹಿಡಿದುಕೊಂಡು, ಎದ್ದು ಹೋಗಿ ಮಲಗಿದಳು. ಅವಳ ಕಾಲು ಊದಿಕೊಂಡಿದ್ದನ್ನು ನಾನು ಅವತ್ತು ಕಂಡೆ.

ಮಾರನೇ ದಿನ ಆಂಟಿಗೆ ಹೋಗಿ ಹೇಳಿದೆ: ನನಗೆ ಕೆಲಸ ಮಾಡುವ ಹಕ್ಕಿಲ್ಲ, ಇನ್ನು ಕೌಂಟರಿನ ಒಳಗೆ ಬರುವುದಿಲ್ಲ. ಅವರು ಹೆಚ್ಚು ಕೇಳಲಿಲ್ಲ. ಗಂಡ ಇಲ್ಲಿ ಓದಲು ಬಂದಾಗ ತಾವೂ ನಾಲ್ಕು ವರ್ಷ ಹಾಗೇ ಕೂತಿದ್ದಾಗಿ ಹೇಳಿದರು. "ನಾಲ್ಕು ವರ್ಷ, ಒಂದೇ ಕಿಟಕಿ. ಆ ಕಿಟಕಿಯಿಂದ ಕಾಣುವ ಎಲ್ಲ ಕಾರುಗಳ ಬಣ್ಣ ನನಗೆ ಇವತ್ತೂ ನೆನಪಿದೆ." ಒಂದು ಸುರುಳಿ ಕೊಟ್ಟರು. ನಾನು ದುಡ್ಡು ಕೊಟ್ಟೆ. ಅವರಿಗೆ ಬೇಸರವಾಯಿತು, ಆದರೂ ತೆಗೆದುಕೊಂಡರು.

ಮುಂದಿನ ಎರಡು ವಾರ ಆ ವರ್ಷದ ಅತ್ಯಂತ ಉದ್ದದ ಎರಡು ವಾರ. ಅಕ್ಟೋಬರ್ ಬಂದರೂ ಹೊರಗಿನ ಹಬೆ ಮಾತ್ರ ಇನ್ನೂ ಹೋಗಿರಲಿಲ್ಲ. ನಾನೂ ಶೈಲೂ ಬೇಕಾದ್ದಷ್ಟೇ ಮಾತಾಡುತ್ತಿದ್ದೆವು: ಹಾಲು ಮುಗಿದಿದೆ, ಕರೆಂಟಿನ ಬಿಲ್ಲು ಬಂದಿದೆ. ಅಂಗಡಿಯ ಒಳಗೆ ಕಾಲಿಡಲಿಲ್ಲ. ಒಮ್ಮೆ ಗಾಜಿನ ಹೊರಗಿನಿಂದ ನೋಡಿದೆ. ಅಲಗು ಮತ್ತೆ ಮೊಂಡಾಗಿತ್ತು, ಆಂಟಿ ಮತ್ತೆ ಮೈಭಾರ ಹಾಕಿ ತಳ್ಳುತ್ತಿದ್ದರು. ನೋಡಲಾರದೆ ತಿರುಗಿ ಬಂದೆ. ಬೆರಳಿನ ಗಾಯ ಮಾಯಿತು. ಅಂಗೈ ಮತ್ತೆ ಮೆತ್ತಗಾಗತೊಡಗಿತು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಹಬ್ಬ ಎಂದರೆ ಆಯುಧಪೂಜೆಯೇ. ಹಿಂದಿನ ದಿನವೇ ವರ್ಕ್‌ಶಾಪಿನ ಗರಗಸ, ಬಾಚಿ, ಉಳಿ, ಕೀಸುಳಿ ಎಲ್ಲವನ್ನೂ ತೊಳೆದು, ಸಾಣೆ ಹಿಡಿದು, ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಅರಿಸಿನ ಕುಂಕುಮ ಹಚ್ಚುತ್ತಾರೆ. ಪೂಜೆಯಾದ ಮೇಲೆ ಮಾರನೇ ದಿನ ವಿಜಯದಶಮಿಯವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದ ಆಯುಧಕ್ಕೆ ಅದೊಂದೇ ದಿನ ಬಿಡುವು. ಮೊಳೆ ಕಿತ್ತು ಬಂದರೂ ಅಪ್ಪ ಅವತ್ತು ಸುತ್ತಿಗೆ ಎತ್ತುತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಗ್ಗೆ ಅಪ್ಪ ಫೋನ್ ಮಾಡಿದರು. ಅಲ್ಲಿ ಆಗಲೇ ಸಂಜೆ. ಹಿಂದೆ ಅಣ್ಣನೂ ಕೆಲಸದವರೂ ಆಯುಧ ತೊಳೆಯುವ ಸದ್ದು ಕೇಳಿಸುತ್ತಿತ್ತು. "ಪೂಜೆಗೆ ಏನೇನ್ ಇಡ್ತೀಯಪ್ಪಾ ಅಲ್ಲಿ?" ಎಂದರು.

"ಎಲ್ಲಾ ಇಡ್ತೀನಪ್ಪ" ಎಂದೆ.

"ಎಲ್ಲಾ ಅಂದ್ರೆ?"

"ಶೈಲೂ ಸ್ಟೆಥಾಸ್ಕೋಪು, ಕಾರಿನ ಕೀ..."

"ಅದು ಅವಳದಾಯ್ತು. ನಿಂದು?"

ಲೈನ್ ಸರಿಯಿಲ್ಲ ಎಂದು ಹೇಳಿ ಫೋನ್ ಇಟ್ಟೆ. ತಿರುಗಿದಾಗ ಶೈಲೂ ರೂಮಿನ ಬಾಗಿಲಲ್ಲಿ ಡ್ಯೂಟಿಗೆ ಹೊರಡಲು ಚೀಲ ಹಿಡಿದು ನಿಂತಿದ್ದಳು. ಕೇಳಿಸಿಕೊಂಡಿದ್ದಳು. ಕಾರಿನ ಕೀ ಎತ್ತಿಕೊಂಡು ಹೋದಳು.

ಅವತ್ತು ಅವಳದು ಅರ್ಧ ದಿನದ ಡ್ಯೂಟಿ, ಮಧ್ಯಾಹ್ನ ಒಂದಕ್ಕೆ ಬರಬೇಕಿತ್ತು. ಮೂರಾದರೂ ಬರಲಿಲ್ಲ. ಮೂರೂವರೆಗೆ ಬಂದವಳ ಕೈಯಲ್ಲಿ ಚೀನೀ ಪೇಪರಿನಲ್ಲಿ ಸುತ್ತಿದ ಒಂದು ಗಂಟು ಇತ್ತು. ಊಟದ ಮೇಜಿನ ಮೇಲಿಟ್ಟು, "ಬಿಚ್ಚು" ಎಂದಳು.

ಒಳಗೆ ಆಂಟಿಯ ಕೀಸುಳಿ.

ಅವಳು ಕುರ್ಚಿ ಎಳೆದು ಕೂತು ಹೇಳಿದಳು. "ಅಂಗಡಿ ಹುಡುಕೋಕೆ ಅರ್ಧ ಗಂಟೆ ಆಯ್ತು. ಒಂದಿನದ ಮಟ್ಟಿಗೆ ಕೊಡಿ ಅಂದೆ. ಯಾಕೆ ಅಂದ್ರು. ಪೂಜೆಗೆ, ನನ್ನ ಗಂಡ ಬಡಗಿ, ಅವನ ಹತ್ರ ಒಂದು ಆಯುಧಾನೂ ಇಲ್ಲ ಅಂದೆ. ನಮ್ಮೂರಲ್ಲೂ ಬಡಗಿಗಳಿಗೆ ಅಂತ ಒಬ್ಬ ದೇವರಿದಾನೆ ಅಂದ್ರು ಕಣೋ. ತಕ್ಷಣ ಪೇಪರ್ ತಗೊಂಡು ಸುತ್ತಿದ್ರು."

"ನಾಳೆ ಭಾನುವಾರ ಶೈಲೂ. ಅವರ ಅಂಗಡೀಲಿ ಜನ ಬರೋದೇ ಭಾನುವಾರ. ಕೀಸುಳಿ ಇಲ್ದೆ ಅವರು ಏನ್ ಮಾರ್ತಾರೆ?"

"ನಾನೂ ಅದೇ ಹೇಳಿದೆ. ಬೋರ್ಡ್ ಬರೆದು ಬಾಗಿಲ ಮೇಲೆ ಅಂಟಿಸಿಬಿಟ್ರು, ನಾಳೆ ಕಡಲೆಕಾಯಿ ಐಸ್‌ಕ್ರೀಮ್ ಇಲ್ಲ ಅಂತ." ಚೀಲ ಕೆಳಗಿಟ್ಟು ಹೇಳಿದಳು, "ನಂಗೂ ಒಂದು ಸುತ್ತಿ ಕೊಟ್ರು. ಸೊಪ್ಪು ಬೇಡ ಅಂದ್ರೂ ಹಾಕಿದ್ರು. ಕಾರಲ್ಲಿ ಕೂತು ತಿಂದೆ. ಚೆನ್ನಾಗಿತ್ತು." ಅಷ್ಟು ಹೇಳಿ ಅವಳು ಅತ್ತಳು. ನಾನೂ ಅತ್ತೆ. ಎರಡು ವಾರ ಆಡದ ಮಾತೆಲ್ಲ ಹಾಗೆ ಮುಗಿಯಿತು.

ಸಂಜೆ ಕೀಸುಳಿ ಬಿಚ್ಚಿದೆ. ಸಂದಿಗಳಲ್ಲಿ ಸಕ್ಕರೆ ಗಟ್ಟಿಯಾಗಿ ಕೂತಿತ್ತು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದೆ, ಬಟ್ಟಲು ಬೋರಲು ಹಾಕಿ ಅಲಗಿಗೆ ಸಾಣೆ ಹಿಡಿದೆ. ಹಿಡಿಯುವಾಗ ಒಮ್ಮೆ ಹೆದರಿ ಅವಳ ಕಡೆ ನೋಡಿದೆ.

"ಪೂಜೆಗೆ ಆಯುಧ ತೊಳೆಯೋದು ಕೆಲಸ ಅಲ್ಲ" ಎಂದಳು. "ಯಾವ ಆಫೀಸರ್ ಬಂದು ಕೇಳಲಿ, ನಾನ್ ಹೇಳ್ತೀನಿ."

ಮುಂದೆ ಶೈಲೂಗೆ ಡಲ್ಲಾಸ್ ಕಡೆ ಕೆಲಸ ಸಿಕ್ಕಿತು. ಕಾನೂನೂ ಸಡಿಲವಾಗಿ, ನಮ್ಮ ಸರದಿ ಬಂದಾಗ ನನಗೂ ದುಡಿಯುವ ಕಾಗದ ಬಂತು. ಗ್ಯಾರೇಜಿನಲ್ಲೇ ವರ್ಕ್‌ಶಾಪು ಹಾಕಿಕೊಂಡೆ. ಲಿನ್ ಆಂಟಿ ಅಂಗಡಿ ಬೇರೆಯವರಿಗೆ ಕೊಟ್ಟು ಆಸ್ಟಿನ್ನಿನಲ್ಲಿ ಮಗಳ ಮನೆ ಸೇರಿದರು. ಅದೆಲ್ಲ ಆಮೇಲಿನ ಮಾತು. ನನಗೆ ಆ ವರ್ಷ ಎಂದರೆ ಮಾರನೇ ದಿನ ಬೆಳಗ್ಗೆ.

ಅಡುಗೆಮನೆಯ ಒಂದು ಕಪಾಟೇ ನಮ್ಮ ದೇವರ ಮನೆ. ಅದರ ಮುಂದೆ, ವರ್ಷದಿಂದ ಮಂಚದ ಕೆಳಗಿದ್ದ ಆ ಅರ್ಧ ಕೊಯ್ದ ಹಲಗೆಯನ್ನು ಹಾಸಿದೆ. ಸ್ಟೆಥಾಸ್ಕೋಪು, ಕಾರಿನ ಕೀ, ನಡುವೆ ಕೀಸುಳಿ. ಅರಿಸಿನ ಕುಂಕುಮ ಹಚ್ಚಿ, ಅಂಗಡಿಯಿಂದ ತಂದ ಹಳದಿ ಸೇವಂತಿಗೆ ಇಟ್ಟು, ಬೂದುಗುಂಬಳ ಸಿಗದೆ ನಿಂಬೆಹಣ್ಣು ಕೊಯ್ದು ಕುಂಕುಮ ಸವರಿದೆ. ಮಂಗಳಾರತಿ ಎತ್ತಿದೆ. ಅಪ್ಪನಿಗೆ ಫೋಟೋ ಕಳಿಸಿದೆ. "ಕೀಸುಳಿ ಯಾವ ಊರಿಂದಪ್ಪಾ? ಹಿಡಿ ಅಡ್ಡ ಇದೆಯಲ್ಲ" ಎಂದು ಕೇಳಿದರು. "ತೈವಾನಿಂದು" ಎಂದೆ. "ಅಲಗು ಚೆನ್ನಾಗಿ ಕೂರಿಸಿದೀಯ" ಎಂದರು.

ಊಟ ಮುಗಿಸಿ ಕೂತಿದ್ದಾಗ ಫೋನು ಬಂತು. ಮಿಸೌರಿ ಸಿಟಿಯ ರಂಗನಾಥ್ ಅಂಕಲ್. ಅವರ ಮನೆಯಲ್ಲಿ ಸಂಜೆ ಗೊಂಬೆ ಆರತಿ ಇತ್ತು, ಅದರ ಕೆಲಸಕ್ಕೆ ಒಂದು ಕೈ ಬೇಕಿತ್ತು.

"ಮಂಜು, ಸ್ವಲ್ಪ ಬೇಗ ಬಂದುಬಿಡಯ್ಯ. ಗೊಂಬೆ ಮೆಟ್ಟಿಲು ಅಲ್ಲಾಡ್ತಿದೆ, ಎರಡು ಮೊಳೆ ಹೊಡೆದುಕೊಡು. ನಿಂಗೇನಪ್ಪ, ಹೆಂಗೂ ದಿನಾ ರಜಾ!"

ಶೈಲೂ ನನ್ನ ಮುಖ ನೋಡಿದಳು. ನಾನು ಹಲಗೆಯ ಮೇಲೆ ಕುಂಕುಮ ಹಚ್ಚಿಕೊಂಡು ತಣ್ಣಗೆ ಕೂತಿದ್ದ ಕೀಸುಳಿಯನ್ನು ನೋಡಿದೆ.

"ಇವತ್ತು ಆಗಲ್ಲ ಅಂಕಲ್" ಎಂದೆ. "ಆಯುಧ ಪೂಜೆಗೆ ಇಟ್ಟಿದೀನಿ, ಮುಟ್ಟೋ ಹಾಗಿಲ್ಲ. ಇವತ್ತು ನಂಗೆ ರಜಾ."

ಈ ದೇಶಕ್ಕೆ ಬಂದ ಹದಿನಾಲ್ಕು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ರಜೆ ಅದು.